‘ನಾಪತ್ತೆ’ ಎಂಬ ಒಂದು ಪದವನ್ನು ತಿದ್ದಲು 23 ವರ್ಷ

ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಜಾಲಹಳ್ಳಿ ಕ್ರಾಸ್ ಕಡೆಯಿಂದ ಪೀಣ್ಯ ಕೈಗಾರಿಕಾ ಪ್ರದೇಶದ ಒಳಗೆ ನೀವು ಎಂದಾದರೂ ಹೋಗಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ಕಾರ್ಖಾನೆಗಳ ಗೇಟಿನಲ್ಲಿ ನಿಂತ ಕಾವಲುಗಾರರಲ್ಲಿ ಕೆಲವರ ನಿಲುವೇ ಬೇರೆ. ಬೆನ್ನು ನೆಟ್ಟಗೆ, ಬೂಟು ಫಳಫಳ. ಒಳಗೆ ಬರುವ ಲಾರಿಯ ನಂಬರನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗಲೂ ಒಂದು ಶಿಸ್ತು. ಇವರು ಮಾಜಿ ಸೈನಿಕರು. ನಮ್ಮ ಸೇನೆಯಲ್ಲಿ ಸಾಮಾನ್ಯ ಸಿಪಾಯಿ ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತನಾಗುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮನೆ ಕಟ್ಟಬೇಕಾಗಿರುತ್ತದೆ. ಹೀಗಾಗಿ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಅವನ ಎರಡನೆಯ ಉದ್ಯೋಗ ಆರಂಭವಾಗುತ್ತದೆ. ಪೀಣ್ಯಕ್ಕೆ ಈ ನಂಟು ಹೊಸದೂ ಅಲ್ಲ. ಅದಕ್ಕೆ ಅಂಟಿಕೊಂಡಂತಿರುವ ಜಾಲಹಳ್ಳಿ ಎರಡನೆಯ ಮಹಾಯುದ್ಧದ ಕಾಲದಿಂದಲೂ ಸೇನೆಯ ನೆಲ. ವಾಯುಪಡೆಯ ತಂತ್ರಜ್ಞರು ತರಬೇತಿ ಪಡೆದದ್ದು ಅಲ್ಲಿಯೇ. 1950ರ ದಶಕದಲ್ಲಿ ಎಚ್‌ಎಂಟಿ, ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಅಲ್ಲಿ ಎದ್ದವು. ಪೀಣ್ಯದ ಸಣ್ಣ ಕೈಗಾರಿಕೆಗಳು ಬಂದದ್ದು ಆಮೇಲೆ.

ಈ ಗೇಟಿನ ಮನುಷ್ಯ ಕೆಲಸ ಕೇಳಿಕೊಂಡು ಬಂದಾಗ ಮೊದಲು ತೋರಿಸುವುದು ಒಂದು ಚಿಕ್ಕ ಪುಸ್ತಕವನ್ನು. ಅದಕ್ಕೆ ಡಿಸ್ಚಾರ್ಜ್ ಪುಸ್ತಕ ಎನ್ನುತ್ತಾರೆ. ಸೇನೆಯಿಂದ ಬಿಡುಗಡೆಯಾಗುವ ದಿನ ಕೈಗೆ ಕೊಡುವ ಈ ಪುಸ್ತಕದಲ್ಲಿ ಅವನ ಹೆಸರು, ಜನ್ಮದಿನಾಂಕ, ಸೇರಿದ ದಿನ, ಬಿಟ್ಟ ದಿನ, ಪಡೆದ ಪದಕಗಳು, ನಡತೆಯ ಬಗ್ಗೆ ಮೇಲಧಿಕಾರಿಯ ಒಂದು ಮಾತು, ಇಷ್ಟೂ ಇರುತ್ತವೆ. ಒಬ್ಬ ಮನುಷ್ಯನ ಹದಿನೈದು ಇಪ್ಪತ್ತು ವರ್ಷಗಳು ಆ ಕೆಲವೇ ಪುಟಗಳಲ್ಲಿ ಅಡಗಿವೆ. ಇದರ ಮೂಲ ಇರುವುದು ಅವನ ರೆಜಿಮೆಂಟಿನ ದಾಖಲಾತಿ ಕಚೇರಿಯಲ್ಲಿ. ಮದ್ರಾಸ್ ಇಂಜಿನಿಯರ್ ಗ್ರೂಪಿನಂಥ ಕೆಲವು ಪಡೆಗಳ ದಾಖಲಾತಿ ಕಚೇರಿಗಳು ಬೆಂಗಳೂರಿನಲ್ಲಿಯೇ ಇವೆ.

ಪುಸ್ತಕ ಬರೆದವನೂ ಮನುಷ್ಯನೇ ಅಲ್ಲವೇ? ತಪ್ಪುಗಳು ನುಸುಳುತ್ತವೆ. ನಮ್ಮ ಕಡೆಯ ಹೆಸರುಗಳಿಗೆ ಇನಿಷಿಯಲ್ ಇರುತ್ತದೆ. ಉತ್ತರದ ಕಡೆಯ ಗುಮಾಸ್ತನಿಗೆ ಅದನ್ನು ಬಿಡಿಸಿ ಬರೆಯುವುದೇ ತೊಡಕು. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಒಂದರೊಳಗೊಂದು ಬೆರೆತು ಮೂರನೆಯ ವ್ಯಕ್ತಿಯೇ ಹುಟ್ಟಿಕೊಳ್ಳುವುದುಂಟು. ಶಾಲೆಯ ದಾಖಲೆಯಲ್ಲಿ ಒಂದು ಜನ್ಮದಿನಾಂಕ, ಭರ್ತಿಯ ದಿನ ಹೇಳಿದ್ದು ಇನ್ನೊಂದು. ಸೈನಿಕನಿಗೆ ಮದುವೆಯಾದರೆ, ಮಗು ಹುಟ್ಟಿದರೆ ಅದನ್ನು ಘಟಕದಲ್ಲಿ ‘ಪಾರ್ಟ್ ಟು ಆರ್ಡರ್’ ಎಂಬ ಆದೇಶದಲ್ಲಿ ಪ್ರಕಟಿಸಬೇಕು. ಗಡಿಯಲ್ಲಿದ್ದವನು ಅದನ್ನು ಮರೆತರೆ ಆಗ ಯಾರಿಗೂ ಏನೂ ತೋರುವುದಿಲ್ಲ. ಮೂವತ್ತು ವರ್ಷಗಳ ನಂತರ ಅವನು ತೀರಿಕೊಂಡು, ಹೆಂಡತಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ಕಡತದಲ್ಲಿ ಅವಳ ಹೆಸರೇ ಇಲ್ಲವೆಂದು ಗೊತ್ತಾಗುತ್ತದೆ. ಆಮೇಲೆ ತಹಸೀಲ್ದಾರರ ಪತ್ರ, ಅಫಿಡವಿಟ್, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ಮತ್ತೆ ದಾಖಲಾತಿ ಕಚೇರಿ. ವರ್ಷಗಟ್ಟಲೆ ಓಡಾಟ.

ಪದಕಗಳ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಕೆಲವು ಪದಕಗಳು ಆ ಹೊತ್ತಿಗೆ ಸೇವೆಯಲ್ಲಿದ್ದುದಕ್ಕೇ ಸಲ್ಲುತ್ತವೆ. 1965ರ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದವರಿಗೆ ರಕ್ಷಾ ಪದಕ, ಯುದ್ಧದ ಪ್ರದೇಶದಲ್ಲೇ ಇದ್ದವರಿಗೆ ಸಮರ ಸೇವಾ ಸ್ಟಾರ್ ಬಂದವು. 1971ರ ಯುದ್ಧಕ್ಕೆ ಸಂಗ್ರಾಮ ಪದಕ, ಪೂರ್ವಿ ಮತ್ತು ಪಶ್ಚಿಮಿ ಸ್ಟಾರ್‌ಗಳು. ಇಂಥ ಪದಕ ಪುಸ್ತಕದಲ್ಲಿ ಬಿಟ್ಟುಹೋಗಿದ್ದರೆ, ತಾನು ಆ ದಿನ ಆ ಜಾಗದಲ್ಲಿದ್ದೆ ಎಂದು ತೋರಿಸಿದರೆ ಸಾಕು. ಶೌರ್ಯ ಪ್ರಶಸ್ತಿಯ ದಾರಿ ಬೇರೆ. ಅದನ್ನು ಯಾರೂ ಹಕ್ಕೆಂದು ಕೇಳುವಂತಿಲ್ಲ. ಕಂಡವರು ಹೇಳಬೇಕು, ಮೇಲಧಿಕಾರಿ ಶಿಫಾರಸು ಮಾಡಬೇಕು, ಅದು ಮೆಟ್ಟಿಲು ಮೆಟ್ಟಿಲಾಗಿ ರಾಷ್ಟ್ರಪತಿಯವರವರೆಗೆ ಹೋಗಬೇಕು. ಹಾಗಾದರೆ ಯಾರೂ ಕಾಣದಿದ್ದರೆ? ಕಂಡ ಒಬ್ಬನೇ ಒಬ್ಬ ಸಾಕ್ಷಿ ಶತ್ರುವೇ ಆಗಿದ್ದರೆ?

ಹೀಗೂ ಒಮ್ಮೆ ನಡೆದಿದೆ, ಅದೂ ನಮ್ಮ ಕೊಡಗಿನವರೊಬ್ಬರ ವಿಷಯದಲ್ಲಿ. ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರಲ್ಲಿ, ವಾಯುಪಡೆಗೆ ಪೈಲಟ್ ಆಗಿ ಸೇರಿದ್ದು 1954ರಲ್ಲಿ. ‘ಅಜ್ಜಮಾಡ’ ಎಂಬುದು ಅವರ ಒಕ್ಕದ, ಅಂದರೆ ಮನೆತನದ ಹೆಸರು. ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ. ಇಂಗ್ಲಿಷ್ ದಾಖಲೆಗಳಲ್ಲಿ ಅದು ‘ಎ’ ಎಂಬ ಒಂದಕ್ಷರವಾಗಿ ಕುಗ್ಗಿದೆ. ಇನಿಷಿಯಲ್ ತೊಂದರೆ ಸಿಪಾಯಿಗಳಿಗೆ ಮಾತ್ರ ಸೀಮಿತವಲ್ಲ, ನೋಡಿ.

1965ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ದೇವಯ್ಯನವರು ಹೊಸ ಪೈಲಟ್‌ಗಳಿಗೆ ಪಾಠ ಹೇಳುವ ಶಿಕ್ಷಕರಾಗಿದ್ದರು. ಯುದ್ಧಕ್ಕಾಗಿ ಅವರನ್ನು ಪಂಜಾಬಿನ ಆದಮ್‌ಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. ‘ಟೈಗರ್ಸ್’ ಎಂದು ಪ್ರಸಿದ್ಧವಾದ ಆ ದಳದ ನಾಯಕ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ನಾಶಮಾಡಿದವು. ಮಾರನೆಯ ದಿನ, 7ರ ನಸುಕಿನಲ್ಲಿ, ಪಾಕಿಸ್ತಾನದ ಅತಿ ಮುಖ್ಯ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿಮಾಡಲು ಟೈಗರ್ಸ್‌ಗೆ ಆದೇಶ ಬಂತು. ಹನ್ನೆರಡು ಮಿಸ್ಟೇರ್ ವಿಮಾನಗಳು ಹೊರಡಬೇಕು. ಯಾವುದಾದರೂ ಕೈಕೊಟ್ಟರೆ ಅದರ ಜಾಗ ತುಂಬಲು ಕಾಯ್ದಿರಿಸಿದ ಪೈಲಟ್‌ಗಳು ಸಿದ್ಧರಿರಬೇಕು. ದೇವಯ್ಯನವರು ಹೀಗೆ ಕಾಯ್ದಿರಿಸಿದವರಲ್ಲಿ ಒಬ್ಬರು. ಮೂಲಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಇನ್ನೂ ಕತ್ತಲಿದ್ದಾಗ ವಿಮಾನಗಳು ಏರಿದವು. ಒಂದು ಜಾಗ ತೆರವಾಯಿತು, ದೇವಯ್ಯ ಹೊರಟರು.

ದಾಳಿ ಮುಗಿಸಿ ದಳ ಆದಮ್‌ಪುರಕ್ಕೆ ಮರಳಿತು. ಒಬ್ಬೊಬ್ಬರೂ ಇಳಿದರು. ದೇವಯ್ಯ ಇಳಿಯಲಿಲ್ಲ. ಅವರು ಎಲ್ಲಿ, ಹೇಗೆ ತಪ್ಪಿಹೋದರೆಂದು ಸಂಗಡಿಗರಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾಳಿಯ ಸಮಯದಲ್ಲಿ ರೇಡಿಯೋದಲ್ಲಿ ಮಾತಾಡುವಂತಿಲ್ಲ. ನೆಲಕ್ಕೆ ಅಂಟಿಕೊಂಡಂತೆ ಹಾರುವಾಗ ಹಿಂದೆ ತಿರುಗಿ ನೋಡುವುದಕ್ಕೂ ಆಸ್ಪದ ಕಡಿಮೆ. ದಾಖಲೆಯಲ್ಲಿ ಬರೆದದ್ದು ಒಂದೇ ಪದ: ‘ನಾಪತ್ತೆ’. ಯುದ್ಧ ಮುಗಿದು, ಸೆರೆಯಾಳುಗಳ ವಿನಿಮಯವಾದಾಗಲೂ ಅವರು ಬರಲಿಲ್ಲ. ಕಾಲಾನಂತರ ‘ಮೃತರೆಂದು ಭಾವಿಸಲಾಗಿದೆ’ ಎಂಬ ಸಾಲು ಸೇರಿತು. ಅವರ ಪತ್ನಿ ಸುಂದರಿ ದೇವಯ್ಯನವರಿಗೆ ದೊರೆತದ್ದು ಇಷ್ಟೇ ಮಾತು. ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲ ಎಂಬುದನ್ನು ಗಮನಿಸಿ. ಬರೆದ ಗುಮಾಸ್ತ ಕಂಡದ್ದನ್ನೇ ಬರೆದಿದ್ದ, ಕಾಣದ್ದನ್ನು ಬರೆಯಲಿಲ್ಲ. ಆ ಸಾಲಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಅದು ನಡೆದದ್ದನ್ನು ಹೇಳುತ್ತಿರಲಿಲ್ಲ.

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅವನು ಭಾರತದ ಪರವಾಗಿ ಬರೆದವನಲ್ಲ; ಪಾಕಿಸ್ತಾನದ ವಾಯುಪಡೆಯ ನೆರವು ಪಡೆದು, ಅದರ ದಾಖಲೆ ಮತ್ತು ಪೈಲಟ್‌ಗಳ ಮಾತನ್ನು ಆಧರಿಸಿ ಬರೆದವನು. ಅದರಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್‌ನ ಕಥೆ ಬರುತ್ತದೆ. 7ರ ಮುಂಜಾನೆ ಆತ ಹಾರಿಸುತ್ತಿದ್ದದ್ದು ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಆ ಕಾಲಕ್ಕೆ ಈ ಉಪಖಂಡದಲ್ಲೇ ಹೆಸರಾದ ವಿಮಾನ ಅದು. ನಮ್ಮ ಮಿಸ್ಟೇರ್ ಫ್ರಾನ್ಸಿನ ತಯಾರಿಕೆ. ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಸರ್ಗೋಧಾದಿಂದ ಮರಳುತ್ತಿದ್ದ ಒಂದು ಒಂಟಿ ಮಿಸ್ಟೇರನ್ನು ಕಂಡು ಅಮ್ಜದ್ ಬೆನ್ನಟ್ಟಿದ. ಮೊದಲು ಬಿಟ್ಟ ಕ್ಷಿಪಣಿ ಗುರಿ ತಪ್ಪಿ ನೆಲಕ್ಕೆ ಬಡಿಯಿತು. ನಂತರ ಫಿರಂಗಿಯಿಂದ ಹೊಡೆದ, ಗುಂಡುಗಳು ತಾಗಿದವು. ಇವನ ಕಥೆ ಮುಗಿಯಿತೆಂದು ಅವನು ತಿಳಿದ.

ಆದರೆ ಏಟು ತಿಂದ ಮಿಸ್ಟೇರ್ ತಿರುಗಿಬಿತ್ತು. ಆ ಪೈಲಟ್‌ಗೆ ಮನೆಯ ದಾರಿ ಹಿಡಿಯುವುದೊಂದೇ ಬುದ್ಧಿವಂತಿಕೆಯ ಕೆಲಸವಾಗಿತ್ತು. ವಿಮಾನದಲ್ಲಿದ್ದ ಇಂಧನ ದಾಳಿಗೆ ಮತ್ತು ಹಿಂದಿರುಗುವುದಕ್ಕೆ ಅಳೆದು ತುಂಬಿದ್ದು. ಕಾದಾಟಕ್ಕೆ ಇಳಿದರೆ ಆದಮ್‌ಪುರ ಸೇರುವುದು ಕಷ್ಟ. ಇದು ಅವನಿಗೆ ಗೊತ್ತಿರಲೇಬೇಕು, ಏಕೆಂದರೆ ಬೇರೆಯವರಿಗೆ ಇದನ್ನೇ ಪಾಠ ಹೇಳುತ್ತಿದ್ದವನು. ಇನ್ನೊಂದು ಪಾಠವೂ ಗೊತ್ತಿತ್ತು. ಸ್ಟಾರ್‌ಫೈಟರಿನ ರೆಕ್ಕೆ ಚಿಕ್ಕದು. ನೇರ ಓಟದಲ್ಲಿ ಅದನ್ನು ಯಾರೂ ಹಿಡಿಯಲಾರರು, ಆದರೆ ಕಡಿಮೆ ಎತ್ತರದಲ್ಲಿ ಚಿಕ್ಕ ಸುತ್ತು ಹೊಡೆಯುವಾಗ ಅದು ತಡವರಿಸುತ್ತದೆ. ಮಿಸ್ಟೇರ್ ತನ್ನ 30 ಮಿಲಿಮೀಟರ್ ಫಿರಂಗಿಗಳಿಂದ ಸ್ಟಾರ್‌ಫೈಟರನ್ನು ಹೊಡೆಯಿತು. ಅಮ್ಜದ್ ಧುಮುಕುಕೊಡೆಯ ನೆರವಿನಿಂದ ಹಾರಿ ಜೀವ ಉಳಿಸಿಕೊಂಡ. ಮಿಸ್ಟೇರಿನ ಪೈಲಟ್ ಉಳಿಯಲಿಲ್ಲ. ಎದುರಾಳಿ ಓಡಿಹೋಗದೆ ನಿಂತು ಕಾದಾಡಿದ ಎಂಬ ಮೆಚ್ಚುಗೆ ಶತ್ರುಪಕ್ಷದ ಈ ಕಥನದಲ್ಲಿಯೇ ಇದೆ. ಇಲ್ಲದಿರುವುದು ಒಂದೇ, ಆ ಪೈಲಟ್‌ನ ಹೆಸರು. ಅದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಇಲ್ಲಿಂದ ಮುಂದಿನದು ಇತಿಹಾಸದ ವಿದ್ಯಾರ್ಥಿಗಳಾದ ನಿಮಗೆ ವಿಶೇಷವಾಗಿ ಹಿಡಿಸಬೇಕು. ಪಾಕಿಸ್ತಾನದ ಬಳಿ ಕಾಳಗದ ಕಥೆ ಇತ್ತು, ಹೆಸರಿರಲಿಲ್ಲ. ಭಾರತದ ಬಳಿ ಹೆಸರಿತ್ತು, ಕಥೆ ಇರಲಿಲ್ಲ. ಒಂದು ಚೂರು ಅಲ್ಲಿ, ಒಂದು ಚೂರು ಇಲ್ಲಿ, ಮಧ್ಯೆ ಗಡಿ. ಎರಡನ್ನೂ ಪಕ್ಕಪಕ್ಕ ಇಡಬಲ್ಲವರು ಅಂದಿನ ದಳನಾಯಕ ತನೇಜಾ. ಅಷ್ಟರಲ್ಲಿ ಅವರು ಸೇವೆಯಿಂದ ನಿವೃತ್ತರಾಗಿದ್ದರು. ಅವರ ತರ್ಕ ಸರಳ: ಆ ಮುಂಜಾನೆಯ ದಾಳಿಗೆ ಹೋದ ಮಿಸ್ಟೇರ್‌ಗಳ ಪೈಲಟ್‌ಗಳೆಲ್ಲ ತನಗೆ ಗೊತ್ತು. ಮರಳಿ ಬಂದವರಲ್ಲಿ ಯಾರೂ ಸ್ಟಾರ್‌ಫೈಟರಿನೊಂದಿಗೆ ಕಾದಾಡಿದ ಮಾತು ಹೇಳಲಿಲ್ಲ. ಬರದೆ ಉಳಿದವರು ಒಬ್ಬರೇ. ಅಂದಮೇಲೆ ಹೆಸರಿಲ್ಲದ ಆ ಪೈಲಟ್ ಬೇರೆ ಯಾರು? ಇದರಲ್ಲಿ ಹೊತ್ತು ಬಹಳ ಮುಖ್ಯ. ಅದೇ ದಿನ ಸರ್ಗೋಧಾದ ಮೇಲೆ ಇನ್ನೂ ದಾಳಿಗಳಾದವು, ಇನ್ನೂ ವಿಮಾನಗಳು ನಷ್ಟವಾದವು. ಬರಿಯ ತಾರೀಖಿನಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ‘ನಸುಕಿನ ಹೊತ್ತು’ ಎಂಬ ವಿವರ ಎರಡೂ ಕಡೆಯಲ್ಲಿ ತಾಳೆಯಾದದ್ದರಿಂದಲೇ ಗಂಟು ಬಿಚ್ಚಿಕೊಂಡಿತು.

ಗಂಟು ಬಿಚ್ಚಿದ ಮಾತ್ರಕ್ಕೆ ಕಡತ ತಿದ್ದಿಹೋಗುವುದಿಲ್ಲ. ಪುಸ್ತಕ ಬಂದದ್ದು 1979ರಲ್ಲಿ, ಪ್ರಶಸ್ತಿ ಬಂದದ್ದು 1988ರಲ್ಲಿ. ನಡುವೆ ಒಂಬತ್ತು ವರ್ಷ. ಶೌರ್ಯ ಪ್ರಶಸ್ತಿಗೆ ಹೆಸರು ಸೂಚಿಸುವುದು ಯುದ್ಧ ಮುಗಿದ ಹೊಸತರಲ್ಲಿ ಆಗಬೇಕಾದ ಕೆಲಸ. ಎರಡು ದಶಕ ಕಳೆದ ಮೇಲೆ, ಅದೂ ಎದುರು ಪಕ್ಷದ ನೆರವಿನಿಂದ ಬರೆದ ಪುಸ್ತಕವೊಂದನ್ನು ಸಾಕ್ಷಿಯಾಗಿಟ್ಟುಕೊಂಡು ಒಬ್ಬ ನಿವೃತ್ತ ಅಧಿಕಾರಿ ಬಂದರೆ, ಕಚೇರಿಗಳು ಹಿಂದೆಮುಂದೆ ನೋಡುವುದು ಸಹಜ. ಹಾಗೆ ನೋಡುವುದು ಪೂರ್ತಿ ತಪ್ಪೂ ಅಲ್ಲ. ಕೇಳಿದವರಿಗೆಲ್ಲ ದಾಖಲೆ ತಿದ್ದಿಕೊಡುತ್ತ ಹೋದರೆ ದಾಖಲೆಗೆ ಬೆಲೆ ಎಲ್ಲಿಯದು? ಆದರೆ ತನೇಜಾ ಕೇಳಿದ್ದು ತಮಗಾಗಿ ಅಲ್ಲ ಎಂಬುದೂ ಒಂದು ಬಲವಾಗಿತ್ತು ಎಂದು ನನಗೆ ತೋರುತ್ತದೆ. ಕೊನೆಗೆ 1988ರಲ್ಲಿ, ಯುದ್ಧ ನಡೆದು 23 ವರ್ಷಗಳ ನಂತರ, ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ನಂತರದ ಸ್ಥಾನ ಅದರದು. ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು.

ಇದು ಅಪರೂಪದ ಪ್ರಕರಣ ನಿಜ, ಒಂಟಿ ಪ್ರಕರಣವಲ್ಲ. 1962ರ ಚೀನಾ ಯುದ್ಧದಲ್ಲಿ ಲಡಾಖಿನ ಸಿರಿಜಾಪ್ ಠಾಣೆಯನ್ನು ಕಾದ ಮೇಜರ್ ಧನ್ ಸಿಂಗ್ ಥಾಪಾ ಸತ್ತರೆಂದೇ ಎಲ್ಲರೂ ನಂಬಿದ್ದರು, ಪರಮವೀರ ಚಕ್ರವೂ ಆ ನಂಬಿಕೆಯ ಮೇಲೆಯೇ ಸಂದಿತ್ತು. ಅವರು ಸೆರೆಯಲ್ಲಿ ಬದುಕಿದ್ದಾರೆಂದು ಆಮೇಲೆ ತಿಳಿಯಿತು. 1963ರಲ್ಲಿ ಮರಳಿ ಬಂದರು. ಅಲ್ಲಿ ತಿದ್ದಬೇಕಾದದ್ದು ‘ಮರಣೋತ್ತರ’ ಎಂಬ ಪದ. ಎಲ್ಲ ತಿದ್ದುಪಡಿಗಳೂ ಇಷ್ಟು ಸಂತೋಷದವಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಬದುಕಿರುವ ಸೈನಿಕನೇ ತನ್ನ ದಾಖಲೆಗಾಗಿ ಹೋರಾಡಿದ ಪ್ರಕರಣವೂ ಇದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಬಟಾಲಿಕ್ ವಿಭಾಗದಲ್ಲಿ 70ನೆಯ ಪದಾತಿ ಬ್ರಿಗೇಡನ್ನು ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್, ಯುದ್ಧಾನಂತರದ ಅಧಿಕೃತ ವರದಿಯಲ್ಲಿ ತಮ್ಮ ಪಾತ್ರವನ್ನು ತಿರುಚಲಾಗಿದೆ ಎಂದು ನ್ಯಾಯ ಕೇಳಿದರು. 2010ರ ಮೇ ತಿಂಗಳಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಮೇಲಧಿಕಾರಿಯ ಮೌಲ್ಯಮಾಪನ ಪಕ್ಷಪಾತದಿಂದ ಕೂಡಿತ್ತೆಂದು ಹೇಳಿ, ದಾಖಲೆಯನ್ನು ತಿದ್ದಲು ಆದೇಶಿಸಿತು. 2007ರ ಕಾಯಿದೆಯಂತೆ ರಚನೆಯಾದ ಈ ಮಂಡಳಿ ಕೆಲಸ ಆರಂಭಿಸಿದ್ದು 2009ರಲ್ಲಿ. ಅದಕ್ಕೆ ಮುಂಚೆ ಸೈನಿಕನಿಗೆ ಇಲಾಖೆಯ ಒಳಗಿನ ದೂರು ಬಿಟ್ಟರೆ ಹೈಕೋರ್ಟಿನ ದುಬಾರಿ ದಾರಿ ಮಾತ್ರ ಇತ್ತು. ಅಮೆರಿಕದಲ್ಲಿ ಇಂಥ ತಿದ್ದುಪಡಿಗೆಂದೇ ನಾಗರಿಕ ಸದಸ್ಯರ ಮಂಡಳಿಗಳು 1946ರ ಕಾನೂನಿನಿಂದ ಬಂದಿದ್ದವು. ಅಷ್ಟಾಗಿಯೂ ಅಲ್ಲಿ ಬೇರೊಂದು ಅನಾಹುತವಾಯಿತು: 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲಾಲಯಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದವು. ತಪ್ಪು ಸಾಲನ್ನಾದರೂ ತಿದ್ದಬಹುದು, ಬೂದಿಯನ್ನು ಏನು ತಿದ್ದುವುದು? ಅಲ್ಲಿನ ಸೈನಿಕರು ಹಳೆಯ ಪತ್ರ, ಸಂಬಳದ ಚೀಟಿ, ಸಂಗಡಿಗರ ಹೇಳಿಕೆಗಳಿಂದ ತಮ್ಮ ಸೇವೆಯನ್ನು ಮತ್ತೆ ಕಟ್ಟಿ ತೋರಿಸಬೇಕಾಯಿತು.

ದೇವಯ್ಯನವರ ಹೆಸರಿನ ವೃತ್ತ ಮಡಿಕೇರಿಯಲ್ಲಿದೆ, ಅಲ್ಲಿ ಅವರ ಪ್ರತಿಮೆಯೂ ನಿಂತಿದೆ. 2025ರಲ್ಲಿ ಅವರ ಸಾಹಸದಿಂದ ಪ್ರೇರಣೆ ಪಡೆದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂತು. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಚಿತ್ರದಲ್ಲಿ ಆ ಪಾತ್ರದ ಹೆಸರು ದೇವಯ್ಯ ಅಲ್ಲ, ಟಿ. ಕೃಷ್ಣ ವಿಜಯ, ಕೊಡವನೂ ಅಲ್ಲ. ಇದಕ್ಕೆ ಕೊಡಗಿನಲ್ಲಿ ಅಸಮಾಧಾನ ವ್ಯಕ್ತವಾಯಿತು. ಸಿನಿಮಾದವರಿಗೆ ಕಥೆ ಬದಲಿಸುವ ಸ್ವಾತಂತ್ರ್ಯವಿದೆ, ಒಪ್ಪೋಣ. ಆದರೂ 23 ವರ್ಷ ಹೆಸರಿಗಾಗಿಯೇ ಕಾದ ಮನುಷ್ಯನಿಗೆ ತೆರೆಯ ಮೇಲೆ ಮತ್ತೆ ಬೇರೆ ಹೆಸರು ಬಂದದ್ದು ನನಗೇನೋ ಕಸಿವಿಸಿಯೆನಿಸಿತು.

ಮತ್ತೆ ಪೀಣ್ಯಕ್ಕೆ ಬರೋಣ. ನಿಮ್ಮ ಮನೆಯಲ್ಲೋ, ನಿಮ್ಮ ಬೀದಿಯಲ್ಲೋ ಸೇನೆಯಲ್ಲಿದ್ದ ತಾತ ಒಬ್ಬರು ಇರಬಹುದು. ಬೆಂಗಳೂರಿನ ಈ ಹೊರವಲಯದಲ್ಲಿ ಅಂಥವರು ವಿರಳವಲ್ಲ. ರಜೆಯಲ್ಲಿ ಒಂದು ಮಧ್ಯಾಹ್ನ ಅವರ ಡಿಸ್ಚಾರ್ಜ್ ಪುಸ್ತಕವನ್ನು ತೋರಿಸಿರೆಂದು ಕೇಳಿ. ಹೆಸರು, ಜನ್ಮದಿನಾಂಕ ಆಧಾರ್ ಚೀಟಿಯೊಂದಿಗೆ ತಾಳೆಯಾಗುತ್ತವೆಯೇ, ಅಜ್ಜಿಯ ಹೆಸರು ಪಿಂಚಣಿ ಕಾಗದದಲ್ಲಿ ಇದೆಯೇ, ಅವರು ಹೇಳುವ ಪದಕಗಳೆಲ್ಲ ಪುಟದ ಮೇಲೆ ಬಂದಿವೆಯೇ ಎಂದು ನೋಡಿ. ವ್ಯತ್ಯಾಸ ಕಂಡರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ದಾಖಲಾತಿ ಕಚೇರಿಗೆ ಈಗಲೇ ಬರೆಯಬಹುದು. ತಮ್ಮದೇ ಕಡತದಲ್ಲಿ ಏನಿದೆಯೆಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯಿದೆಯೂ ಇದೆ. ಅದಾದ ಮೇಲೆ ಒಂದು ನೋಟುಪುಸ್ತಕ ತೆಗೆದುಕೊಂಡು ಕುಳಿತುಕೊಳ್ಳಿ. ಯಾವ ಊರು, ಯಾವ ತಿಂಗಳು, ಹಗಲೋ ರಾತ್ರಿಯೋ, ಆ ದಿನ ಪಕ್ಕದಲ್ಲಿ ಯಾರಿದ್ದರು, ಅವರಲ್ಲಿ ಈಗ ಯಾರು ಇದ್ದಾರೆ, ಇದನ್ನೆಲ್ಲ ಕೇಳಿ ಬರೆದುಕೊಳ್ಳಿ. ಕೊನೆಗೆ ತಾರೀಖು ಹಾಕಿ, ತಾತನ ಕೈಯಲ್ಲಿ ಸಹಿ ಮಾಡಿಸಿ.